ಹೇಸಿಗೆ ಉಳಿಸಿಕೊಂಡವಳು

ಗಾಜಿನ ಆಚೆ ಕುಳಿತ ಹೆಂಗಸರ ತಲೆಗೆ ತೆಳ್ಳನೆಯ ಟೊಪ್ಪಿಗೆ ತೊಡಿಸಿದ್ದರು. ಟೊಪ್ಪಿಗೆಗಳಿಂದ ಹೊರಟ ತಂತಿಗಳು ಗೋಡೆಯ ಮೇಲಿನ ಮುಳ್ಳಿನ ಮಾಪಕವೊಂದಕ್ಕೆ ಸೇರಿದ್ದವು. ಅದರ ಹೆಸರು ಹೇಸಿಗೆಮಾಪಿ. ಪರದೆಯ ಮೇಲೆ ಹೊಂಬನಿ ಅಡುಗೆ ಎಣ್ಣೆಯ ಹಳದಿ ಪೊಟ್ಟಣ ಮೂಡಿದ್ದೇ ತಡ, ಮುಳ್ಳು ಸರ್ರನೆ ಕೆಂಪು ಪಟ್ಟಿಗೆ ಏರಿ ನಡುಗತೊಡಗಿತು. ಒಬ್ಬಾಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಷ್ಟರಲ್ಲಿ ವಯಸ್ಸಾದ ಗಂಡಸಿನ ದನಿಯೊಂದು ಕಂಪನಿಯ ಪರವಾಗಿ ಕ್ಷಮೆ ಕೇಳಲು ಶುರುಮಾಡಿತು. ಆ ದನಿಯ ಅಡಿಯಲ್ಲಿ, ಕೇಳಿಸಿತೋ ಇಲ್ಲವೋ ಎಂಬಷ್ಟು ಸಣ್ಣದಾಗಿ, ಒಂದು ಗುನುಗು ಹರಿಯುತ್ತಿತ್ತು. ಅದೇ ಶಮನಸ್ವರ. ಮುಳ್ಳು ಮೆಲ್ಲಗೆ ಇಳಿದು ಹಸಿರಿನಲ್ಲಿ ಮಲಗಿತು. ಹೆಂಗಸರು ಪೊಟ್ಟಣವನ್ನು ನೋಡಿ, ತವರಿನವರನ್ನು ಕಂಡಂತೆ ನಕ್ಕರು.

ಗಾಜಿನ ಈಚೆ ಕುಳಿತು ಇದನ್ನೆಲ್ಲ ನೋಡುತ್ತಿದ್ದವಳು ಶಿವಲೀಲಾ ಹೊಸಕೇರಿ. ಹುಬ್ಬಳ್ಳಿಯ 'ಸುಮುಖ ಸಂಪರ್ಕ' ಎಂಬ ಸಂಸ್ಥೆಯಲ್ಲಿ ಆಕೆ ಯೋಜನಾ ಮುಖ್ಯಸ್ಥೆ. ಕಂಪನಿಗಳ ಜಾಹೀರಾತು ಎಲ್ಲಿ, ಯಾವಾಗ, ಯಾರ ಬಾಯಲ್ಲಿ ಬರಬೇಕು, ಮಾನ ಹೋದಾಗ ಯಾವ ಮಾತಿನಿಂದ ಮುಚ್ಚಬೇಕು ಎಂದು ಮೊದಲೇ ಗೊತ್ತುಮಾಡಿ ಇಡುವುದು ಆಕೆಯ ಕೆಲಸ. ಆಕೆಯ ಕಿವಿಯಲ್ಲಿ ಎರಡು ಬಿರಡೆಗಳಿದ್ದವು. ಮನುಷ್ಯರ ಮಾತನ್ನು ಅವು ಒಳಗೆ ಬಿಡುತ್ತಿದ್ದವು, ಜಾಹೀರಾತಿನ ದನಿಯನ್ನು ಮಾತ್ರ ಹೊರಗೇ ನಿಲ್ಲಿಸುತ್ತಿದ್ದವು. ಅದು ಆ ಕಸುಬಿನ ಕಟ್ಟುಪಾಡು. ಯೋಜನೆ ಮಾಡುವವರು ತಮ್ಮ ಜಾಹೀರಾತನ್ನು ತಾವೇ ಕೇಳಬಾರದು, ಕೇಳಿ ನಂಬಿಬಿಟ್ಟರೆ ಲೆಕ್ಕ ತಪ್ಪುತ್ತದೆ ಎಂದು ಅಲ್ಲಿನವರ ನಂಬಿಕೆ. ಅಡುಗೆ ಮಾಡಿದವರೇ ಉಣ್ಣದ ಮನೆಯ ಊಟ ಎಂಥದ್ದಿರಬಹುದು ಎಂದು ಮಾತ್ರ ಅವರಲ್ಲಿ ಯಾರೂ ಕೇಳಿಕೊಂಡಿರಲಿಲ್ಲ.

ಹೊಂಬನಿಯ ಕಥೆ ಊರಿಗೇ ಗೊತ್ತಿತ್ತು. ಹೋಟೆಲುಗಳು ಕರಿದು ಚೆಲ್ಲಿದ ಕಪ್ಪೆಣ್ಣೆಯನ್ನು ಸೋಸಿ, ಬಣ್ಣ ಬಿಳಿಚಿಸಿ, ಪೊಟ್ಟಣಕ್ಕೆ ತುಂಬಿದ್ದು ಬಯಲಾಗಿತ್ತು. ಮದುವೆ ಮನೆಯೊಂದರಲ್ಲಿ ಬೀಗರು ಸಾಲಾಗಿ ವಾಂತಿ ಮಾಡಿದ ಚಿತ್ರ ಗೋಡೆ ಗೋಡೆಗಳ ಪರದೆಯ ಮೇಲೆ ಬಂದಿತ್ತು. ಹೆಸರು ಹೇಳಿದರೆ ಸಾಕು, ಜನ ಮೂಗು ಮುಚ್ಚಿಕೊಳ್ಳುತ್ತಿದ್ದರು. ಗೋದಾಮಿನಲ್ಲಿ ಮಾತ್ರ ಅದೇ ಎಣ್ಣೆ ಬೆಟ್ಟದಷ್ಟು ಉಳಿದಿತ್ತು.

"ಎಣ್ಣಿ ಚೆಲ್ಲಿಬಿಟ್ರ ಮುಗೀತಲ್ರೀ. ಇಷ್ಟೆಲ್ಲ ಯಾಕ?" ಎಂದು ಶಿವಲೀಲಾ ಮೊದಲ ದಿನವೇ ಕೇಳಿದ್ದಳು.

ಸಂಸ್ಥೆಯ ಒಡೆಯ ದೇವದತ್ತ ನಾಡಿಗೇರ ಹಲ್ಲು ಕಾಣುವಂತೆ ನಕ್ಕಿದ್ದ. "ಸರಕು ನಮ್ಮ ಕೆಲಸ ಅಲ್ಲಮ್ಮ. ಹೆಸರು ನಮ್ಮ ಕೆಲಸ. ಎಣ್ಣೆ ಅವರು ನೋಡ್ಕೋತಾರೆ, ಮೂಗು ನಾವು ನೋಡ್ಕೊಳ್ಳೋಣ."

ಶಮನಸ್ವರವನ್ನು ಕಂಡುಹಿಡಿದ ಡಾ. ಶ್ರೀಪಾದ ಗಲಗಲಿ ಪರೀಕ್ಷೆ ಮುಗಿದ ಮೇಲೆ ಮುಳ್ಳನ್ನು ಒರೆಸುತ್ತಾ ನಿಂತಿದ್ದರು. ಮೆತ್ತಗಿನ ಮನುಷ್ಯ, ತನ್ನ ಯಂತ್ರದ ಬಗ್ಗೆ ಕೇಳಿದರೆ ಮಾತ್ರ ಕಣ್ಣು ಅರಳುತ್ತಿತ್ತು.

"ನೋಡ್ರಿ, ಮಿದುಳಿನ್ಯಾಗ ಓಕರಿಕಿಗೆ ಅಂತ ಒಂದು ನೆಲಿ ಐತಿ," ಎಂದರು. "ಹಳಸಿದ ಅನ್ನ ಮೂಸಿದ್ರ ಅದು ಎಚ್ಚರ ಆಗ್ತೈತಿ. ನಂಬಿದವ ಮೋಸ ಮಾಡಿದಾಗೂ ಅದೇ ಎಚ್ಚರ ಆಗ್ತೈತಿ. ಥೂ ಅಂತೀವಲ್ಲ, ಎರಡಕ್ಕೂ ಅದೇ ಥೂ. ನನ್ನ ಸ್ವರ ಹೋಗಿ ಆ ನೆಲಿಯನ್ನ ತಟ್ಟಿ ಮಲಗಿಸ್ತೈತಿ."

"ಹೊಂಬನಿಗಷ್ಟ ಮಲಗ್ತೈತೋ, ಎಲ್ಲಾದಕ್ಕೂ ಮಲಗ್ತೈತೋ?"

ಗಲಗಲಿ ಒರೆಸುವುದನ್ನು ನಿಲ್ಲಿಸಿದರು. "ಪೊಟ್ಟಣ ತೋರಿಸಿದ್ವಿ, ಮುಳ್ಳು ಇಳೀತು. ಬ್ಯಾರೆ ಏನೂ ತೋರಿಸಿಲ್ಲ. ತೋರಿಸ್ರಿ ಅಂತ ನಿಮ್ಮವರು ಕೇಳಲಿಲ್ಲ."

ನಿಜವೇ. ಹೆಸರನ್ನು ಪರೀಕ್ಷಿಸಿದ್ದರು, ಪೊಟ್ಟಣದ ಬಣ್ಣವನ್ನು ಪರೀಕ್ಷಿಸಿದ್ದರು, ಕ್ಷಮೆ ಕೇಳುವ ಮುದುಕನ ಕೆಮ್ಮು ಎಲ್ಲಿ ಬರಬೇಕೆಂದು ಕೂಡ ಪರೀಕ್ಷಿಸಿದ್ದರು. ಒಂದು ಬಟ್ಟಲು ಎಣ್ಣೆಯನ್ನು ಯಾರ ಮೂಗಿನ ಮುಂದೆಯೂ ಹಿಡಿದಿರಲಿಲ್ಲ. ಶಿವಲೀಲಾಳಿಗೆ ಒಳಗೊಳಗೇ ಕಸಿವಿಸಿಯಾಯಿತು. ಆದರೂ ಯೋಜನೆಯ ಕೆಳಗೆ ತನ್ನ ಹೆಸರು ಬರೆದು ಕೊಟ್ಟಳು.

ಪ್ರಚಾರ ಹಬ್ಬಿತು. ಬಸ್ಸಿನ ಸೀಟುಗಳು ಕ್ಷಮೆ ಕೇಳಿದವು, ಕಿರಾಣಿ ಅಂಗಡಿಯ ತಕ್ಕಡಿಗಳು ಕ್ಷಮೆ ಕೇಳಿದವು, ಅಡುಗೆಮನೆಗಳ ಮಾತಾಡುವ ಪೆಟ್ಟಿಗೆಗಳು ಒಗ್ಗರಣೆ ಸಿಡಿಯುವಾಗ ಕ್ಷಮೆ ಕೇಳಿದವು. ಗೋದಾಮು ಖಾಲಿಯಾಯಿತು. ಸಂಸ್ಥೆಯಲ್ಲಿ ಸಂಭ್ರಮದ ಕೂಟ ನಡೆದಾಗ ನಾಡಿಗೇರ ಎಲ್ಲರೆದುರು ಬಿರಡೆ ಕಿತ್ತು ಮೇಜಿನ ಮೇಲೆ ಎಸೆದು, "ಒಂದು ಸಲ ನಮ್ಮ ಕೂಸಿನ ದನಿ ನಾನೂ ಕೇಳ್ತೀನಿ" ಎಂದು ಆ ಜಾಹೀರಾತನ್ನು ಕಣ್ಣುಮುಚ್ಚಿ ಕೇಳಿದ. ಕೇಳಿದ ಮೇಲೆ ಅವನಲ್ಲಿ ಬದಲಾವಣೆಯೇನೂ ಕಾಣಲಿಲ್ಲ. ಹೇಸಿಗೆ ಎಂಬುದು ಅವನಿಗೆ ಮೊದಲೂ ಇರಲಿಲ್ಲವಲ್ಲ! ಅದೇ ಎಣ್ಣೆಯಲ್ಲಿ ಕರಿದ ಬೋಂಡಾ ತಟ್ಟೆಗೆ ಬಂದಾಗ ಶಿವಲೀಲಾ ತಲೆನೋವೆಂದು ನೆಪ ಹೇಳಿ ಎದ್ದುಬಂದಳು.

ಬಂದದ್ದು ಅಕ್ಕನ ಖಾನಾವಳಿಗೆ. ದಾನಮ್ಮನ ಖಾನಾವಳಿ ಹಳೇ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿತ್ತು. ಅವಳ ಕೈರುಚಿಗಿಂತ ಹೆಚ್ಚಾಗಿ ಅವಳ ಮೂಗಿನ ಮೇಲೆ ನಂಬಿಕೆಯಿಟ್ಟು ಜನ ಬರುತ್ತಿದ್ದರು. ಪಲ್ಯ ತುಸು ಮುಗ್ಗಿದರೆ ಸಾಕು, ಇಡೀ ಪಾತೇಲಿಯನ್ನು ಗಟಾರಕ್ಕೆ ಬಗ್ಗಿಸಿ, "ಇವತ್ತ ಬರೀ ಝುಣಕಾ ರೊಟ್ಟಿ, ಬೇಕಾದವ್ರು ಕೂಡ್ರಿ" ಎನ್ನುತ್ತಿದ್ದಳು. ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಬಾಗಿಲಲ್ಲಿ ಕಾಲಿಡುತ್ತಲೇ ಶಿವಲೀಲಾ ಮೂಗು ಮುಚ್ಚಿಕೊಂಡಳು. ಹುಳಿ ಹಿಡಿದ ಕಾಳಿನ ನಾತ, ಅದರ ಮೇಲೆ ಕಮಟು ಎಣ್ಣೆಯ ನಾತ. ಒಳಗೆ ಪಂಕ್ತಿ ತುಂಬಿತ್ತು. ಜನ ತುತ್ತಿನ ಮೇಲೆ ತುತ್ತು ಬಾಯಿಗಿಡುತ್ತಿದ್ದರು. ಆಕೆ ಹೊರಗೆ ಓಡಿ ಗಟಾರದ ಮೇಲೆ ಬಗ್ಗಿ ವಾಂತಿ ಮಾಡಿದಳು.

ದಾನಮ್ಮ ತಂಬಿಗೆ ನೀರು ತಂದು ಬೆನ್ನು ನೀವಿದಳು. "ಏನಾತ ತಂಗಿ? ಪಿತ್ತ ಆಗೈತೇನ?"

"ಅಕ್ಕಾ, ಮಡಕಿಕಾಳ ಹಳಸ್ಯಾವ! ನಿನಗ ವಾಸನಿ ಬರೂದಿಲ್ಲೇನ?"

"ಬರ್ತೈತಲ್ಲ," ಎಂದಳು ದಾನಮ್ಮ ಸಮಾಧಾನವಾಗಿ. "ನಿನ್ನೆನೂ ಬಂದಿತ್ತು. ಬಂದ್ರೇನಾತು?"

ಅಕ್ಕನ ಮೂಗು ಸರಿಯಾಗಿಯೇ ಇತ್ತು. ವಾಸನೆ ಒಳಗೆ ಹೋಗುತ್ತಿತ್ತು, ಆದರೆ ಒಳಗಿನಿಂದ ಥೂ ಎಂಬ ಮಾತು ಎದ್ದುಬರುತ್ತಿರಲಿಲ್ಲ. ಬಿರಡೆ ಹಾಕಿದ ಶಿವಲೀಲಾಳ ಕಿವಿಗೆ ಬೀಳದಿದ್ದರೂ, ಅಡುಗೆಮನೆಯ ಮೂಲೆಯಲ್ಲಿ ಪೆಟ್ಟಿಗೆ ಎಡೆಬಿಡದೆ ಕ್ಷಮೆ ಕೇಳುತ್ತಲೇ ಇತ್ತು. ಶಿವಲೀಲಾ ಅದರ ತಂತಿ ಕಿತ್ತು, ಕಾಳನ್ನು ತಾನೇ ಚೆಲ್ಲಿ, ಅಕ್ಕನ ಕೈಹಿಡಿದು ನೇರವಾಗಿ ಗಲಗಲಿಯವರ ಪ್ರಯೋಗಾಲಯಕ್ಕೆ ಕರೆದೊಯ್ದಳು.

ಟೊಪ್ಪಿಗೆ ತೊಡಿಸಿ, ಗಲಗಲಿ ಈ ಸಲ ನಿಜವಾದ ವಸ್ತುಗಳನ್ನು ತಂದಿಟ್ಟರು: ಕೊಳೆತ ಮೀನು, ಹುಳು ಬಿದ್ದ ಬದನೆ, ನಾರುವ ಹಾಲು. ಹಸಿರಿನಲ್ಲಿ ಮಲಗಿದ್ದ ಮುಳ್ಳು ಮಿಸುಕಲಿಲ್ಲ. ದಾನಮ್ಮ ಮೀನನ್ನು ಬೆರಳಿನಿಂದ ತಿರುವಿ, "ಸಾರು ಮಾಡಬಹುದಿತ್ತು" ಎಂದಳು.

"ತಿರುಗಿ ಎಬ್ಬಿಸ್ರಿ ಸರ್, ಹೆಂಗರ ಮಾಡಿ ಎಬ್ಬಿಸ್ರಿ," ಎಂದಳು ಶಿವಲೀಲಾ.

ಗಲಗಲಿಯವರ ಮುಖ ಬಿಳಿಚಿಕೊಂಡಿತ್ತು. "ಮಲಗಿಸೂದ ಅಷ್ಟ ಕಲ್ತಿದ್ದೆ ತಾಯಿ. ಎಬ್ಬಿಸೂದು ಯಾರೂ ಕೇಳಿರಲಿಲ್ಲ."

ಆಕೆ ನಾಡಿಗೇರನ ಕೋಣೆಗೆ ನುಗ್ಗಿ ಎಲ್ಲವನ್ನೂ ಹೇಳಿದಳು. ಅವನು ಕೇಳುತ್ತಾ ಕೇಳುತ್ತಾ ಕುರ್ಚಿಯಿಂದಲೇ ಎದ್ದುಬಿಟ್ಟ. ಗಾಬರಿಯಿಂದಲ್ಲ, ಖುಷಿಯಿಂದ.

"ಯೋಚನೆ ಮಾಡು ಶಿವಲೀಲಾ! ಹಾಲಿನವರಿಗೆ ಇನ್ನು ಶೀತಲ ಪೆಟ್ಟಿಗೆ ಬೇಡ. ಮೀನಿನವರಿಗೆ ಅವಸರ ಬೇಡ. ನಿನ್ನೆಯದು, ಮೊನ್ನೆಯದು ಎಲ್ಲ ಮಾರಬಹುದು. ಇದು ತಪ್ಪಲ್ಲಮ್ಮ, ಇದು ಮಾರುಕಟ್ಟೆ!"

ಅವನ ಬಾಯಂಚಿನಲ್ಲಿ ಸಂಭ್ರಮದ ಕೂಟದ ಬೋಂಡಾ ಚೂರು ಇನ್ನೂ ಅಂಟಿತ್ತು. ಇಂಥವನ ಪಕ್ಕದಲ್ಲಿ ಕುಳಿತು ಇಷ್ಟು ವರ್ಷ ತಾನು ಕಾಫಿ ಕುಡಿದಿದ್ದೆನಲ್ಲ ಎಂದು ಆಕೆಗೆ ಹೇಸಿಗೆಯಾಯಿತು.

ಆ ವಾರವೇ ಖಾನಾವಳಿಯಲ್ಲಿ ಉಂಡ ವಿದ್ಯುತ್ ಇಲಾಖೆಯ ಲೈನ್‌ಮನ್ ಬಸೆಟ್ಟಿ ಆಸ್ಪತ್ರೆ ಸೇರಿದ. ಊರಿನ ಆಸ್ಪತ್ರೆಗಳ ಹಾಸಿಗೆಗಳು ಒಂದೊಂದಾಗಿ ತುಂಬಿದವು. ಬದುಕಿ ಬಂದ ಬಸೆಟ್ಟಿ ಮೊದಲು ಮಾಡಿದ ಕೆಲಸವೆಂದರೆ ಮತ್ತೆ ದಾನಮ್ಮನ ಪಂಕ್ತಿಯಲ್ಲಿ ಬಂದು ಕುಳಿತದ್ದು. ಅವನಿಗೆ ಅವಳ ಮೇಲೆ ಸಿಟ್ಟಿರಲಿಲ್ಲ, ಎಲೆಯ ಮೇಲಿನ ಊಟದ ಮೇಲೆ ಅನುಮಾನವೂ ಇರಲಿಲ್ಲ.

ಶಿವಲೀಲಾ ಇನ್ನು ತಡೆಯಲಿಲ್ಲ. ಹೊಂಬನಿಯ ಹೊಸ ಪೊಟ್ಟಣದ ಬಿಡುಗಡೆಗೆಂದು ಊರಿನ ದೊಡ್ಡ ಮೈದಾನದಲ್ಲಿ ಸಭೆ ಸೇರಿದ್ದಾಗ ವೇದಿಕೆ ಹತ್ತಿ, ಶಮನಸ್ವರದ ಯಂತ್ರವನ್ನು ನಿಲ್ಲಿಸಿ, ಬರಿ ಬಾಯಿಂದ ಮಾತಾಡಿದಳು. ಎಣ್ಣೆಯಲ್ಲಿ ಏನಿದೆ ಎಂದು ಹೇಳಿದಳು. ಗುನುಗು ಏನು ಮಾಡಿತೆಂದು ಹೇಳಿದಳು. "ಈ ಯೋಜನೆ ಹಾಕಿದಾಕಿ ನಾನ. ನಿಮ್ಮ ಹೇಸಿಗಿ ಕಸಕೊಂಡಾಕಿ ನಾನ. ಥೂ ಅಂತ ಉಗುಳ್ರಿ ನನ್ನ ಮುಖಕ್ಕ!" ಎಂದು ಕೂಗಿದಳು.

ಮೈದಾನದ ತುಂಬ ಚಪ್ಪಾಳೆ ಬಿತ್ತು.

"ಪಾಪ, ಎಷ್ಟ ಖರೇ ಮಾತಾಡಿದ್ಳು ನೋಡ್ರಿ," ಎಂದ ಮುಂದಿನ ಸಾಲಿನ ಒಬ್ಬ.

"ಇರಲಿ ಬಿಡವ್ವ, ತಪ್ಪು ಯಾರು ಮಾಡೂದಿಲ್ಲ?" ಎಂದಳು ಒಬ್ಬ ಮುದುಕಿ. ಮತ್ತೊಬ್ಬ ಎದ್ದುನಿಂತು, ಚಹಾ ಯಾವಾಗ ಕೊಡುತ್ತಾರೆಂದು ಕೇಳಿದ.

ಸಂಜೆ ನಾಡಿಗೇರ ಫೋನು ಮಾಡಿ ಅಭಿನಂದಿಸಿದ. ಇಷ್ಟು ಪ್ರಾಮಾಣಿಕವಾದ ಪ್ರಚಾರವನ್ನು ಯಾವ ಕಂಪನಿಯೂ ಮಾಡಿಲ್ಲವೆಂದು ಜನ ಹೊಗಳುತ್ತಿದ್ದಾರಂತೆ, ಹೊಂಬನಿಗೆ ಬೇಡಿಕೆ ಏರಿದೆಯಂತೆ. ಶಿವಲೀಲಾ ಫೋನನ್ನು ಗೋಡೆಗೆ ಬೀಸಿ ಒಡೆದಳು. ಮರುದಿನ ಕೆಲಸಕ್ಕೆ ಹೋಗಲಿಲ್ಲ, ಮತ್ತೆಂದೂ ಹೋಗಲಿಲ್ಲ.

ಅವಳು ಹೋದದ್ದು ಅಕ್ಕನ ಅಡುಗೆಮನೆಗೆ. ದಾನಮ್ಮನಿಗೆ ತನ್ನ ಮೈಯಲ್ಲಿ ಏನೋ ಇಲ್ಲವಾಗಿದೆಯೆಂದು ಬುದ್ಧಿಗೆ ತಿಳಿಯುತ್ತಿತ್ತು, ಹೊಟ್ಟೆಗೆ ತಿಳಿಯುತ್ತಿರಲಿಲ್ಲ. ಅವಳೇ ಒಂದು ಉಪಾಯ ಹೇಳಿದಳು: "ದಿನಾ ಮುಂಜಾನಿ ಬಾ. ಒಂದೊಂದ ಪಾತೇಲಿ ಮೂಸು. ನಾ ನಿನ್ನ ಮುಖ ನೋಡ್ತೀನಿ. ನೀ ಮುಖ ಕಿವುಚಿದ್ರ ನಾ ಚೆಲ್ತೀನಿ."

ಹಾಗೆಯೇ ನಡೆಯಿತು. ಓಣಿಯವರಿಗೂ ಸುದ್ದಿ ಹೋಯಿತು. ಆಸ್ಪತ್ರೆ ಕಂಡು ಬಂದವರು ಮಜ್ಜಿಗೆ, ಸಾರು, ಮಕ್ಕಳ ಹಾಲು ಹಿಡಿದು ಬಾಗಿಲಲ್ಲಿ ಸಾಲು ನಿಲ್ಲತೊಡಗಿದರು. ಒಂದು ಬೆಳಿಗ್ಗೆ ಸಾಲಿನಲ್ಲಿ ನಾಡಿಗೇರನೂ ಇದ್ದ, ಕೈಯಲ್ಲಿ ಮಗಳ ಊಟದ ಡಬ್ಬಿ ಹಿಡಿದು.

"ಮಗು ಎರಡು ದಿನ ಆಸ್ಪತ್ರೇಲಿತ್ತು," ಎಂದ ತಲೆ ತಗ್ಗಿಸಿ. "ನನಗೆ ಗೊತ್ತಾಗ್ತಿಲ್ಲ. ಸ್ವಲ್ಪ ನೋಡಮ್ಮ."

ಶಿವಲೀಲಾ ಅವನ ಮುಖ ನೋಡಿದಳು. ಉಗುಳಬೇಕೆಂದು ಬಾಯಿ ತುಂಬಿ ಬಂತು. ಆದರೆ ಡಬ್ಬಿಯ ಮೇಲೆ ಮಗುವಿನ ಹೆಸರಿತ್ತು. ಮುಚ್ಚಳ ತೆಗೆದು ಮೂಸಿ, ಗಟಾರಕ್ಕೆ ಬಗ್ಗಿಸಿ, ಅಕ್ಕನ ಬಿಸಿ ಅನ್ನವನ್ನು ತುಂಬಿ ಕೊಟ್ಟಳು.

ಅವನು ಹೋದ ಮೇಲೆ ಪಾತೇಲಿಗಳ ನಡುವೆ ಕುಸಿದು ಕುಳಿತಳು. "ಅಕ್ಕಾ, ನಿನ್ನ ಮೂಗು ಹಾಳುಮಾಡಿದಾಕಿ ನಾನು. ನನ್ನ ನೋಡಿದ್ರ ನಿನಗ ಒಂದಿಷ್ಟೂ ಹೇಸಿಗಿ ಆಗೂದಿಲ್ಲೇನ?"

ದಾನಮ್ಮ ರೊಟ್ಟಿ ತಟ್ಟುತ್ತಲೇ ನಕ್ಕಳು. ಅದೇ ನಗು, ಗಾಜಿನ ಆಚೆಯ ಹೆಂಗಸರದು. "ಯಾಕ ಆಗಬೇಕ? ನೀ ನನ್ನ ತಂಗಿ. ಆತೇಳು, ಆ ಬದನಿಕಾಯಿ ಪಲ್ಯ ಮೂಸು."

ಅಕ್ಕ ನಿಜವಾಗಿಯೂ ಕ್ಷಮಿಸಿದಳೋ, ಆ ಗುನುಗೇ ಕ್ಷಮಿಸಿತೋ, ಇನ್ನು ಯಾವ ಟೊಪ್ಪಿಗೆ ತೊಡಿಸಿದರೂ ತಿಳಿಯುವಂತಿರಲಿಲ್ಲ. ಶಿವಲೀಲಾ ಕಣ್ಣೊರೆಸಿಕೊಂಡು ಪಾತೇಲಿಯ ಮೇಲೆ ಬಗ್ಗಿದಳು. ಪಲ್ಯ ಹಳಸಿತ್ತು. ಆಕೆ ಮುಖ ಕಿವುಚಿದಳು. ಅಕ್ಕ ಆ ಮುಖವನ್ನು ಗಮನವಿಟ್ಟು ನೋಡಿ, ಪಾತೇಲಿಯನ್ನು ಎತ್ತಿಕೊಂಡು ಗಟಾರದ ಕಡೆಗೆ ನಡೆದಳು.