ನಲವತ್ತೊಂದನೇ ಚೀಟಿ

ನಲವತ್ತೊಂದು ಚೀಟಿಗಳನ್ನು ಬರೆದವಳು ಅವಳು. ಅಚ್ಚಾಗಿ ಬಂದ ‘ರಜೆಯ ಓದು’ ಪುಸ್ತಿಕೆಯ ಮೇಲೆ ಇದ್ದದ್ದು ಮುಖ್ಯ ಗ್ರಂಥಪಾಲಕರ ಹೆಸರು.

ಸಾರ್ವಜನಿಕ ಗ್ರಂಥಾಲಯದ ಕೌಂಟರಿನಲ್ಲಿ ಕೂತು, ಎರವಲು ಹೋಗುವ ಪುಸ್ತಕಗಳಿಗೆ ತಾರೀಖಿನ ಮುದ್ರೆ ಒತ್ತುವ ಸಹಾಯಕಿ ಅವಳು. ರಜೆಗೆ ಬರುವ ಓದುಗರು ಏನು ಓದಬೇಕೆಂದು ಎರಡು ತಿಂಗಳು, ಊಟದ ಬಿಡುವು ಬಿಟ್ಟುಕೊಟ್ಟು, ಒಂದೊಂದು ಪುಸ್ತಕಕ್ಕೂ ಒಂದು ಚೀಟಿಯಲ್ಲಿ ನಾಲ್ಕು ಸಾಲು ಬರೆದಿದ್ದಳು.

ಪುಸ್ತಿಕೆಯ ಕೊನೆಯ ಪುಟ ತಿರುಗಿಸಿದಳು. ಅಚ್ಚಾಗಬಾರದಿದ್ದ ನಲವತ್ತೊಂದನೆಯದೂ ಇತ್ತು!

“ರಟ್ಟು ಸವೆದಿದೆ, ಹೆಸರು ಕಾಣುವುದಿಲ್ಲ. ಅವಸರದಲ್ಲಿ ಓದುವವರಿಗೆ ಏನೂ ಸಿಗದು. ಹತ್ತಿರ ಹಿಡಿದರೆ ಅಂಟಿನ ವಾಸನೆ. ಅವಧಿ ಮುಗಿದರೂ ಹಿಂದಿರುಗಿಸಲು ಮನಸ್ಸು ಬಾರದು.”

ಅದು ಪುಸ್ತಕದ ಮಾತೇ ಅಲ್ಲ. ನೆಲಮಾಳಿಗೆಯಲ್ಲಿ ಹರಿದ ಪುಸ್ತಕಗಳನ್ನು ಹೊಲಿಯುವ ಬೈಂಡರನ ಕುರಿತು ಅವಳು ಬರೆದದ್ದು. ಚೀಟಿಗಳ ಅಂಚು ಕತ್ತರಿಸಿ ಮುಖ್ಯ ಗ್ರಂಥಪಾಲಕ ಸಾಹೇಬರ ಕಚೇರಿಗೆ ಮುಟ್ಟಿಸುವ ಕೆಲಸ ಅವನದಾಗಿತ್ತು. ಕಟ್ಟಿನ ತಳಕ್ಕೆ ಅವನೊಬ್ಬನಿಗೆಂದೇ ಅದೊಂದನ್ನು ಸೇರಿಸಿ, “ಕೊನೇದನ್ನ ಮರೀದೇ ಓದಿ” ಎಂದಷ್ಟೇ ಹೇಳಿ, ಅವನ ಮುಖವನ್ನೂ ನೋಡದೆ ಮೆಟ್ಟಿಲು ಹತ್ತಿ ಓಡಿಬಂದಿದ್ದಳು.

ಈಗ ಅದೇ ಮೆಟ್ಟಿಲುಗಳನ್ನು ದಡದಡನೆ ಇಳಿದಳು.

“ನಗಾಡೋಕೆ ನಾನೇ ಬೇಕಿತ್ತಾ ನಿಮಗೆ?”

ಅವನು ಅಂಟಿನ ಬ್ರಷ್ ಹಿಡಿದೇ ಎದ್ದು ನಿಂತ. “ಯಾಕೆ ಮೇಡಂ? ಏನಾಯ್ತು?”

“ಕೊನೇ ಚೀಟಿ ಓದಿದ್ರಾ ಇಲ್ವಾ? ಅಷ್ಟು ಹೇಳಿ.”

“ಓದ್ದೆ. ಎಲ್ಲಕ್ಕಿಂತ ಅದೇ ಚೆನ್ನಾಗಿತ್ತು. ಅದಕ್ಕೇ ಸಾಹೇಬ್ರಿಗೆ...”

“ಓದಿ... ಕೊಟ್ರಾ!”

“ಕಟ್ಟಲ್ಲಿರೋದನ್ನೆಲ್ಲ ಕೊಡೋದೇ ತಾನೇ ನನ್ನ ಕೆಲ್ಸ? ಮೇಡಂ, ಒಂದು ಮಾತು ಕೇಳ್ಬೇಕಿತ್ತು, ಆ ಪುಸ್ತಕ...”

“ಇನ್ಮೇಲೆ ನನ್ನ ಹತ್ರ ಏನೂ ಕೇಳ್ಬೇಡಿ!”

ಓದಿದ. ಓದಿಯೂ ಆಫೀಸಿನ ಮೇಜಿಗೆ ಎಸೆದು ಬಂದ. ಸಾಹೇಬರಿಗಾದರೂ ನಾನು ಯಾರೋ... ಇವನಿಗೆ?

ಸಾಹೇಬರ ಕೋಣೆಗೂ ಹೋದಳು.

“ಸರ್, ಇದರಲ್ಲಿ ನನ್ನ ಹೆಸರು...”

“ಇಲಾಖೆ ಕೆಲಸಕ್ಕೆ ಹೆಸರೆಂಥದ್ದಮ್ಮ? ಎಲ್ಲರದೂ ಒಂದೇ.”

“ಹಾಗಾದ್ರೆ ನಿಮ್ಮದು ಯಾಕಿದೆ ಸರ್?”

ಸಾಹೇಬರು ಫೋನ್ ಎತ್ತಿ ಕಿವಿಗಿಟ್ಟುಕೊಂಡರು. ಅದು ರಿಂಗ್ ಆಗಿರಲೇ ಇಲ್ಲ.

ಆಮೇಲಿನ ನಾಲ್ಕು ದಿನ ಕೌಂಟರಿಗೆ ಬಂದವರೆಲ್ಲ ಕೇಳಿದ್ದು ಒಂದನ್ನೇ. “ನಲವತ್ತೊಂದನೇದು ಕೊಡಿ.” “ಹೊರಗೆ ಹೋಗಿದೆ” ಎನ್ನುವಳು. ಹೇಳಿದಾಗಲೆಲ್ಲ ಗಾಯದ ಮೇಲೇ ಮುದ್ರೆ ಒತ್ತಿದಂತಾಗುತ್ತಿತ್ತು.

ಐದನೆಯ ದಿನ ರಜೆಯ ಓದುಗರ ಸಭೆ. ಓದುವ ಕೋಣೆಯ ಮೇಜುಗಳನ್ನು ಗೋಡೆಗೆ ಸರಿಸಿ ಕುರ್ಚಿ ಹಾಕಿದ್ದರು. ಸಾಹೇಬರು ಮೈಕಿನ ಮುಂದೆ “ನಾನು ಬರೆಯುವಾಗ...” ಎಂದು ಶುರುಮಾಡಿದ್ದೇ ತಡ, ದಿನಾ ಬರುವ ನಿವೃತ್ತ ಟೀಚರಮ್ಮ ಎದ್ದರು.

“ಸಾಹೇಬ್ರೇ, ಆ ನಲವತ್ತೊಂದನೇ ಪುಸ್ತಕ ಯಾವುದಪ್ಪ? ನಂಬರಿಲ್ಲ, ಹೆಸರಿಲ್ಲ. ಬರೆದೋರಿಗಾದ್ರೂ ಗೊತ್ತಿರ್ಬೇಕಲ್ಲ!”

ಸಭೆ ಗೊಳ್ಳೆಂದಿತು. ಸಾಹೇಬರು ನೀರು ಕುಡಿದರು. “ಅದು... ಬೈಂಡಿಂಗಿಗೆ ಹೋಗಿದೆ.”

“ಬಂದಿಲ್ಲ ಸರ್,” ಬಾಗಿಲ ಬಳಿಯಿಂದ ಬೈಂಡರನ ದನಿ. ಕೈಯಲ್ಲಿ ಉದ್ದುದ್ದ ಪಟ್ಟಿ. “ಅಂಟಿನ ವಾಸನೆ ಅಂತ ಬರ್ದಿದೆ, ನಾನೇ ರಿಪೇರಿ ಮಾಡಿರೋದು ಇರ್ಬೇಕು ಅಂತ ಅಷ್ಟನ್ನೂ ಕಪಾಟಿಂದ ಇಳಿಸಿ ನೋಡ್ದೆ. ಮುನ್ನೂರ ಹನ್ನೆರಡು ಪುಸ್ತಕ. ಸಿಗ್ಲಿಲ್ಲ.”

ಅಯ್ಯೋ ಪೆದ್ದ! ಇವನಿಗೆ ಅರ್ಥವೇ ಆಗಿರಲಿಲ್ಲ... ಅವಳಿಗೆ ನಗು, ಅಳು ಒಟ್ಟೊಟ್ಟಿಗೇ ನುಗ್ಗಿ ಬಂದವು.

ಸಾಹೇಬರು ಮೈಕಿಗೆ ಕೈ ಅಡ್ಡ ಹಿಡಿದು ಅವಳತ್ತ ಬಾಗಿದರು. “ಒಳಗಿಂದ ಯಾವುದಾದ್ರೂ ಹಳೇದೊಂದು ತಂದು, ಇದೇ ಅಂತ ಕೊಟ್ಬಿಡಮ್ಮ.”

ಅವಳು ಎದ್ದಳು. ಬಾಗಿಲವರೆಗೆ ನಡೆದಳು. ಅಲ್ಲಿ ಕಾಲು ನಿಂತಿತು.

“ಕೋಪ ಹೋಗ್ದಿದ್ರೂ ಪರವಾಗಿಲ್ಲ,” ಅವನು ಮೆಲ್ಲಗೆ ಅಂದ. “ಅದು ಯಾವ ಪುಸ್ತಕ ಅಂತ ಮಾತ್ರ ಹೇಳಿ. ನಿದ್ದೆ ಬರ್ತಿಲ್ಲ.”

“ನಿಮ್ಮ ಕೈ ಮೂಸಿ ನೋಡ್ಕೊಳ್ಳಿ.”

ಅವನು ಅಂಗೈಯನ್ನು ಮೂಗಿನ ಹತ್ತಿರ ತಂದ. ತಂದವನು ಹಾಗೇ ನಿಂತುಬಿಟ್ಟ. ಕಿವಿಯ ತುದಿ ಕೆಂಪಾಯಿತು.

“ಹಾಗಾದ್ರೆ... ಸವೆದಿರೋ ರಟ್ಟು?”

“ನಿಮ್ಮ ಕಾಲರ್.”

“ವಾಪಸ್ ಕೊಡೋಕೆ ಮನಸ್ಸು... ಈಗ್ಲೂ ಬರ್ತಿಲ್ವಾ?”

“ಈ ನಾಲ್ಕು ದಿನ ಎಷ್ಟು ಬೈದ್ರೂ ಬರ್ಲಿಲ್ಲ.”

“ಏನಮ್ಮ ಅಲ್ಲಿ ಮಾತು?” ಮೈಕು ಗದರಿತು. “ಬೇಗ ಪುಸ್ತಕ ತಂದ್ಕೊಡು!”

ಅವಳು ತಿರುಗಿದಳು. ಕಣ್ಣು ಒರೆಸಿಕೊಳ್ಳಲಿಲ್ಲ.

“ತರಲ್ಲ ಸರ್. ನಲವತ್ತೊಂದನ್ನೂ ಬರೆದವಳು ನಾನು. ಆ ಪುಸ್ತಕ ಯಾರಿಗೂ ಎರವಲು ಕೊಡಲ್ಲ.”