ಸೋತವರ ಬಾಳೆಗೊನೆ

ನಮ್ಮ ಕಪಿಲಾ ಫುಟ್‌ಬಾಲ್ ಟೀಮನ್ನು ನೋಡಿ ಯಾರಾದರೂ ನಕ್ಕರೆ ನನಗೆ ಮೈಯೆಲ್ಲ ಉರಿಯುತ್ತದೆ. ನಗುವುದಕ್ಕೆ ಕಾರಣ ಇಲ್ಲವೆಂದಲ್ಲ. ಲೀಗಿನಲ್ಲಿ ನಂಜನಗೂಡಿನ ನಾವೂ ಬನ್ನೂರಿನವರೂ ಒಂದೇ ಡಿವಿಷನ್. ಹೋದ ವರ್ಷದವರೆಗೆ ಒಂಬತ್ತು ಸಲ ಆಡಿದ್ದೆವು, ಒಂಬತ್ತು ಸಲವೂ ಸೋತಿದ್ದೆವು. ಸೋತವರು ಗೆದ್ದವರಿಗೆ ತಮ್ಮೂರಿನ ತಿನಿಸು ಕೊಡಬೇಕೆಂಬುದು ಮೊದಲಿನಿಂದ ಬಂದ ಪದ್ಧತಿ. ಬನ್ನೂರಿನವರು ಒಂಬತ್ತು ಗೊನೆ ರಸಬಾಳೆ ತಿಂದು ತೇಗಿದ್ದರು. ಅವರು ಸೋತರೆ ಕೊಡಬೇಕಾದ ಬೆಲ್ಲ ಸಿಹಿಯೋ ಉಪ್ಪೋ, ನಮಗಿನ್ನೂ ಗೊತ್ತಿರಲಿಲ್ಲ.

ಶಿವಮೂರ್ತಿ ಸಿಕ್ಕಿದ್ದೂ ಗೊನೆಯ ದೆಸೆಯಿಂದಲೇ. ಮೂರು ವರ್ಷದ ಹಿಂದೆ ನಾನು ಗೊನೆ ಕೊಡಲು ಹೋದಾಗ, ಬನ್ನೂರಿನ ಗುಂಪಿನಿಂದ ಎದ್ದು ಬಂದು ಕೈಯೊಡ್ಡಿದ.

"ಓದ್ ವರ್ಸ ಬರೀ ಕಾಯಿ ಕಣ್ರೀ. ಈ ಸಲ ಚೆನ್ನಾಗ್ ಮಾಗ್ಯದೆ."

"ನಿಮ್ಗೆ ಕೊಡೋದೇ ಹೆಚ್ಚು," ಎಂದು ದುರುಗುಟ್ಟಿ ನೋಡಿದೆ.

ಅವನು ನನ್ನನ್ನೇ ನೋಡುತ್ತ ಹಣ್ಣು ಸುಲಿದು, ಸಿಪ್ಪೆಯನ್ನು ಬಾಯಿಗಿಡಲು ಹೋದ. ನನಗೆ ನಗು ತಡೆಯಲಾಗಲಿಲ್ಲ.

ಆಮೇಲೆ ನೋಡಿದರೆ ಇಬ್ಬರಿಗೂ ನಮ್ಮೂರ ಪಕ್ಕದ ತಾಂಡ್ಯದಲ್ಲಿ ಒಂದೇ ಫ್ಯಾಕ್ಟರಿ, ಒಂದೇ ಶಿಫ್ಟು. ಕ್ಯಾಂಟೀನಿನಲ್ಲಿ ಒಂದು ದಿನ ಟೀ ಲೋಟ ತಿರುಗಿಸುತ್ತ ಮದುವೆಯ ಮಾತೆತ್ತಿದ. ಒಳಗೊಳಗೇ ಕುಣಿಯುವಷ್ಟು ಖುಷಿ ನನಗೆ. ಬಾಯಿ ಮಾತ್ರ ಜಂಬ ಬಿಡಲಿಲ್ಲ.

"ನಮ್ ಟೀಮ್ ನಿಮ್ಮನ್ನ ಸೋಲಿಸ್ಲಿ, ಆಗ ಹೂಂ ಅಂತೀನಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮುಂದಿನ ಎರಡು ವರ್ಷವೂ ಸೋತೆವು. ಈ ವರ್ಷ ಮನೆಯಲ್ಲಿ ಬೇರೆ ಗಂಡು ನೋಡತೊಡಗಿದರು.

ಮೊನ್ನೆ ಭಾನುವಾರ ಹತ್ತನೇ ಮ್ಯಾಚು. ನಮ್ಮವರು ಗೊನೆಯನ್ನು ಮೊದಲೇ ತಂದಿಟ್ಟುಕೊಂಡಿದ್ದರು, ಅಷ್ಟು ಧೈರ್ಯ! ಆದರೆ ಒಂದೊಂದು ಗೋಲಾಗಿ ಸಮ ಇತ್ತು. ಕೊನೆಯ ಐದು ನಿಮಿಷ ಇರುವಾಗ ನಮ್ಮ ಮರಿಸ್ವಾಮಿ ಬಾಲು ತೆಗೆದುಕೊಂಡು ಅವರ ಗೋಲಿನತ್ತ ನುಗ್ಗಿದ. ಆಗ ಬನ್ನೂರಿನ ಗುಂಪಿನ ನಡುವಿನಿಂದಲೇ ಒಂದು ಕೂಗು ಕೇಳಿಸಿತು.

"ಬುಡ್ಬ್ಯಾಡ ಮರಿಸ್ವಾಮೀ! ಒದೀಲಾ!"

ಶಿವಮೂರ್ತಿ! ಇಡೀ ಗುಂಪು ಅವನತ್ತ ತಿರುಗಿತು.

"ಯಾರ್ ಕಡೆಯೋನ್ಲಾ ನೀನು? ಓಗು, ಅಲ್ಲೇ ಕೂತ್ಕೋ!" ಎಂದು ಆಚೆ ದಬ್ಬಿದರು. ಅವನು ತಲೆ ತಗ್ಗಿಸಿ ಮೈದಾನ ಸುತ್ತಿಕೊಂಡು ಬಂದು ನನ್ನ ಪಕ್ಕದಲ್ಲಿ ಕೂತ.

ಅಷ್ಟರಲ್ಲಿ ಮರಿಸ್ವಾಮಿ ಒದ್ದ ಬಾಲು ಕಂಬಕ್ಕೆ ಬಡಿದು ವಾಪಸಾಗಿತ್ತು. ಸ್ವಲ್ಪ ಹೊತ್ತಿಗೆ ಅವರೇ ಗೋಲು ಹೊಡೆದರು.

ಗೊನೆ ಎತ್ತಲು ಬಗ್ಗಿದಾಗ ನನ್ನ ಕಣ್ಣು ತುಂಬಿತ್ತು. ಇನ್ನೊಂದು ವರ್ಷ ಕಾಯಿರಿ ಎಂದು ಯಾವ ಬಾಯಲ್ಲಿ ಹೇಳಲಿ? ಅವನೂ ಗೊನೆಯ ಇನ್ನೊಂದು ತುದಿಗೆ ಕೈ ಹಾಕಿದ.

"ನೀವ್ಯಾಕೆ?"

"ಸೋತೋರ್ ಕಡೆ ಕೂತಿದ್ನಲ್ಲ. ಪದ್ಧತಿ ಅಂದ್ರೆ ಪದ್ಧತಿ."

ಗೊನೆ ಒಪ್ಪಿಸಿ ಬಂದ ಮೇಲೆ ಜೇಬಿನಿಂದ ಪೇಪರಿನ ಪೊಟ್ಟಣ ತೆಗೆದ. ಒಳಗೊಂದು ಅಚ್ಚು ಬೆಲ್ಲ.

"ನೀವು ಹಂಗಂದಾಗ್ಲಿಂದ್ಲೂ ಮ್ಯಾಚಿಗೆ ತತ್ತಾವ್ನಿ. ನಮ್ಮೋರ್ ಸೋತ್ರೆ ಕೊಡಾನ ಅಂತ. ಪ್ರತಿ ಸಲ ವಾಪಸ್ ತಕ್ಕೊಂಡೋಗಿ ಟೀಗೆ ಹಾಕ್ಕೊಂಡೆ."

"ನಮ್ ಟೀಮ್ ನೆಚ್ಕೊಂಡ್ರೆ ನಂಗೆ ಮುದುಕಿ ಆದ್ಮೇಲೇ ಮದ್ವೆ," ಎಂದು ಬೆಲ್ಲ ಕಸಿದುಕೊಂಡು ಕಚ್ಚಿದೆ. ಸಿಹಿಯಾಗಿಯೇ ಇತ್ತು.

"ಹಂಗಾರೆ ಹೂಂ ಅಂತೀರಾ?"

"ಹೂಂ. ಆದ್ರೆ ಮದ್ವೆ ಆದ್ಮೇಲೂ ನಾನ್ ಕೂರೋದು ಈ ಕಡೇನೇ."

"ನಾನೂ ಇಲ್ಲೇ ಕಣ್ರೀ. ನಮ್ಮೋರು ಇನ್ ಸೇರಿಸ್ಕೊಂಡಾರಾ?" ಎಂದು ನಕ್ಕು, ನನ್ನ ಕೈಯಲ್ಲಿದ್ದ ಅರ್ಧ ಬೆಲ್ಲ ತೆಗೆದು ಬಾಯಿಗೆ ಹಾಕಿಕೊಂಡ.