ಅಕ್ಷಯಾಳಿಗಾಗಿ ನಿಂತ ತಬಲಾ

ಒಂದು ಸೆಕೆಂಡನ್ನು ಇಪ್ಪತ್ತೈದು ಪಾಲು ಮಾಡಿ, ಅದರಲ್ಲಿ ಒಂದು ಪಾಲನ್ನು ಎತ್ತಿಕೊಳ್ಳಿ. ಬೋವಿಕಾನವೆಂಬ ನಮ್ಮ ಊರಿನ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯುವುದಾದರೆ, 2014ರ ಆ ಒಂದು ಪಾಲಿಗೆ ಪೂರ್ತಿ ಅಧ್ಯಾಯವನ್ನೇ ಮೀಸಲಿಡತಕ್ಕದ್ದು.

ಕೀಬೋರ್ಡ್ ನುಡಿಸುವಾಗ ಅಕ್ಷಯಾಳ ಬಲಗೈ ತಾಳಕ್ಕಿಂತ ಹಿಂದೆ ಬೀಳುತ್ತಿದ್ದದ್ದು ಅಷ್ಟೇ ಹೊತ್ತು!

ಎರಡು ವರ್ಷದ ಹಿಂದೆ ನಾಯ್ಮಾರ್ಮೂಲೆಯಲ್ಲಿ ಬಸ್ಸಿಳಿಯುವಾಗ ಬಿದ್ದು ಮಣಿಕಟ್ಟು ಮುರಿದಿತ್ತು; ಕೂಡಿದ ಮೇಲೂ ಕೈ ನಿಧಾನ. ಎರಡು ಗಾನಮೇಳದವರು ಅವಳನ್ನು ಕೈಬಿಟ್ಟಿದ್ದರು. ಉಳಿದದ್ದು ಹರಿನಾಥ ಮಾಸ್ಟ್ರ ಭಕ್ತಿಗೀತೆಯ ಸಿ.ಡಿ. ಒಂದೇ. ಇದೂ ತಪ್ಪಿದರೆ ಕೀಬೋರ್ಡ್ ಮಾರಿಬಿಡುವುದು ಎಂದು ಅವಳು ನಿಶ್ಚಯಿಸಿದ್ದಳು.

ಮೊದಲ ದಿನ ಬೆಳಿಗ್ಗೆ, ರೆಕಾರ್ಡಿಂಗ್ ಮಾಡುವ ವಿಜೇತನ ಸ್ಟುಡಿಯೋದಲ್ಲಿ ನುಡಿಸಿ, ಊಟ ಮುಗಿಸಿ ಬಂದು ಕೇಳಿದರೆ... ತಾಳಕ್ಕೆ ಸರಿಯಾಗಿ ಕೂತಿದೆ!

ಕಂಪ್ಯೂಟರಿನ ಪರದೆಯಲ್ಲಿ, ನುಡಿಸಿದ್ದನ್ನು ತಿದ್ದುವ ‘ಮಿಡಿ ಇಫೆಕ್ಟ್’ ಎಂಬ ಹಸಿರು ಗುಂಡಿ ಉರಿಯುತ್ತಿತ್ತು. ಅವಳ ಮುಖ ಕೆಂಪಾಯಿತು.

“ನನ್ನ ಕೈಯನ್ನು ಸರಿಮಾಡಿದಿರಾ?”

“ಇಲ್ಲಪ್ಪ” ಎಂದ ವಿಜೇತ್.

“ಸುಳ್ಳು ಹೇಳ್ಬೇಡಿ! ಅಲ್ಲಿ ಬರೆದುಂಟಲ್ಲ? ನನಗೂ ಕಣ್ಣುಂಟು.”

“ಮಾಡಿದ್ರೆ ಎಂತ ಈಗ ಮಾರಾಯ್ತಿ?” ಮಾಸ್ಟ್ರು ನಡುವೆ ಬಾಯಿ ಹಾಕಿದರು. “ನಾನು ಕೂದಲಿಗೆ ಬಣ್ಣ ಹಾಕುದಿಲ್ವಾ?”

“ಮಾಸ್ಟ್ರೇ, ಸಿ.ಡಿ.ಯಲ್ಲಿ ನನ್ನ ಹೆಸರು ಬೇಡ. ನುಡಿಸಿದ್ದು ಕಂಪ್ಯೂಟರ್.” ಬ್ಯಾಗು ಎತ್ತಿಕೊಂಡಾಗ ಅವಳ ಕಣ್ಣು ತುಂಬಿತ್ತು.

“ಸ್ವಲ್ಪ ನಿಲ್ಲಿ. ಆ ಇಫೆಕ್ಟ್ ಯಾರ ಮೇಲುಂಟು, ಓದಿ” ಎಂದ ವಿಜೇತ್.

ಓದಿದಳು. ತಬಲಾ, ಬೇಸ್, ತಾಳ: ಮೂರೂ ಅವನೇ ಕಂಪ್ಯೂಟರಿನಲ್ಲಿ ಕೂರಿಸಿದವು. ಮೂರರ ಮೇಲೂ ‘ಡಿಲೇ, 40 ಮಿಲಿಸೆಕೆಂಡ್’, ಅಂದರೆ ಸೆಕೆಂಡಿನ ಇಪ್ಪತ್ತೈದರಲ್ಲಿ ಒಂದು ಪಾಲು ತಡ. ಕೀಬೋರ್ಡಿನ ಸಾಲು ಖಾಲಿ.

“ನಿಮ್ಮ ಒಂದು ಸ್ವರವನ್ನೂ ನಾನು ಮುಟ್ಟಲಿಲ್ಲ. ಉಳಿದವರನ್ನು ನಿಮಗಾಗಿ ನಿಲ್ಲಿಸಿದೆ, ಅಷ್ಟೇ.”

ಗುಂಡಿ ಆರಿಸಿದ, ತಬಲಾ ಅವಳನ್ನು ಬಿಟ್ಟು ಮುಂದೆ ಓಡಿತು. ಮತ್ತೆ ಒತ್ತಿದ, ಓಟ ನಿಲ್ಲಿಸಿ ಜೊತೆಗೆ ಬಂತು.

“ನನ್ನನ್ನೇ ಎಳೆದು ತರುವುದು ಸುಲಭ ಅಲ್ವಾ?”

“ಸುಲಭವೇ. ಆದ್ರೆ ಎಲ್ಲ ಸ್ವರ ಸ್ಕೇಲಿಟ್ಟು ಗೆರೆ ಎಳೆದ ಹಾಗೆ ಆಗ್ತದೆ. ನೀವು ಒಂದೊಂದನ್ನೂ ಯೋಚಿಸಿ ಇಡ್ತೀರಿ... ಅದಕ್ಕೇ ನಾಲ್ಕು ಸಲ ಹಾಕಿ ಕೇಳಿದೆ.”

“ಒಂಬತ್ತು” ಎಂದರು ಮಾಸ್ಟ್ರು. “ನಾನು ಇಲ್ಲಿಯೇ ಕೂತಿದ್ದೆ.”

ವಿಜೇತ್ ಮೌಸನ್ನು ಅಕಾರಣವಾಗಿ ಒರೆಸತೊಡಗಿದ.

ಎರಡು ವರ್ಷಗಳಿಂದ ಎಲ್ಲರೂ ‘ಬೇಗ, ಬೇಗ’ ಎಂದವರೇ. ಕಾದವರು ಯಾರಿದ್ದರು? ಇವನೊಬ್ಬ... ಅದೂ ಅವಳು ಕೇಳಿಕೊಳ್ಳದೆಯೇ! ಆ ಕೃತಜ್ಞತೆಯನ್ನು ಎಲ್ಲಿಡುವುದೆಂದು ಅವಳಿಗೆ ತಿಳಿಯಲಿಲ್ಲ.

“ದೊಡ್ಡ ಉಪಕಾರ ಆಯ್ತು” ಎಂದಳು, ಮೆಲ್ಲಗೆ.

ಆರು ಹಾಡುಗಳಾದವು. ಕೊನೆಯ ದಿನ ಅವನು ಕೇಬಲ್ ಸುತ್ತುತ್ತ ಕೇಳಿದ:

“ಇನ್ನು ಹಾಡು ಇಲ್ಲ. ಆದ್ರೂ ಬರ್ತೀರಾ? ಯಾವಾಗಲೂ... ಅಂತ ಕೇಳಿದ್ದು.”

ಅಕ್ಷಯಾ ಕಿಟಕಿ ನೋಡಿದಳು, ಕೀಬೋರ್ಡ್ ನೋಡಿದಳು. ಅವನು ಕಾದ. ಕೇಬಲ್ ಪೂರ್ತಿ ಸುತ್ತಿ ಆಯಿತು.

“ಬರ್ತೇನೆ. ಹೇಳುವಾಗ ತಡ ಆಯ್ತಾ?”

“ಇಲ್ಲ. ತಾಳಕ್ಕೆ ಸರಿಯಾಗಿಯೇ ಉಂಟು.”

ಮುಂದಿನ ಮೇ ತಿಂಗಳಲ್ಲಿ ಅವರ ಮದುವೆಯಾಯಿತು. ಕೀಬೋರ್ಡ್ ಮಾರಲಿಲ್ಲ.